ಹಣೆಯ ಗೂಡು ಹಿಗ್ಗಿದಾಗ

ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದವರನ್ನು ಆಸ್ಪತ್ರೆಗೆ ತಂದರೆ ಮೊದಲು ತಲೆಯ ಸಿಟಿ ಸ್ಕ್ಯಾನ್ ಆಗುತ್ತದೆ. ಮಿದುಳಿಗೆ ಪೆಟ್ಟಿಲ್ಲ, ಬುರುಡೆ ಒಡೆದಿಲ್ಲ ಎಂದು ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ರಿಪೋರ್ಟಿನ ಕೊನೆಯ ಸಾಲು ಕಣ್ಣಿಗೆ ಬೀಳುತ್ತದೆ: ‘ಫ್ರಂಟಲ್ ಸೈನಸ್ ಹೈಪರ್‌ನ್ಯೂಮಟೈಸ್ಡ್’. ಹಾಗೆಂದರೇನು, ಆಪರೇಶನ್ ಬೇಕಾ, ಮಿದುಳಿಗೆ ಗಾಳಿ ಹೊಕ್ಕಿದೆಯಾ ಎಂದು ಅಲ್ಲಿಂದ ಗಾಬರಿ ಶುರು. ಹಣೆಯೊಳಗಿನ ಗಾಳಿ ಗೂಡು ಮಾಮೂಲಿಗಿಂತ ದೊಡ್ಡದಿದೆ ಎಂದಷ್ಟೇ ಅದರರ್ಥ. ಇದಕ್ಕೆ ತೀರಾ ಉಲ್ಟಾ ಇರುವವರೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿದ್ದಾರೆ. ಹಣೆ ವರ್ಷದಿಂದ ವರ್ಷಕ್ಕೆ ಮುಂದೆ ಬರುತ್ತಿದ್ದರೂ, ಒಂದು ಕಣ್ಣು ಮಸುಕಾಗುತ್ತಿದ್ದರೂ ‘ನಮ್ಮ ಮನೆತನದ ಹಣೆಯೇ ಹಾಗೆ’, ‘ಕನ್ನಡಕದ ನಂಬರ್ ಬದಲಾಗಿರಬೇಕು’ ಎಂದು ದಿನ ದೂಡುವವರು. ಮೊದಲನೆಯವರಿಗೆ ಹೆಚ್ಚಿನ ಪಾಲು ಏನೂ ಮಾಡಬೇಕಿಲ್ಲ. ಎರಡನೆಯವರು ಇಂದೇ ಹೊರಡಬೇಕು. ಸೈನಸ್ ಎಷ್ಟು ದೊಡ್ಡದಿದೆ ಎಂಬ ಒಂದೇ ಲೆಕ್ಕದಿಂದ ಈ ಇಬ್ಬರನ್ನು ಬೇರ್ಪಡಿಸಲಾಗದು. ಗೋಡೆ ಹೇಗಿದೆ, ಇನ್ನೂ ಬೆಳೆಯುತ್ತಿದೆಯೇ, ಪಕ್ಕದ ಕಣ್ಣಿನ ನರ ಹೇಗಿದೆ ಎಂಬ ಮೂರನ್ನೂ ನೋಡಬೇಕು.

ಸೈನಸ್ ಎಂದರೆ ಮೂಗಿನ ಸುತ್ತಲ ಎಲುಬಿನೊಳಗಿನ ಗಾಳಿ ಗೂಡು. ಕೆನ್ನೆಯೊಳಗಿನದು ಮ್ಯಾಕ್ಸಿಲರಿ, ಎರಡು ಕಣ್ಣುಗಳ ನಡುವಿನ ಸಣ್ಣ ಸಣ್ಣ ಕೋಣೆಗಳು ಎಥ್ಮಾಯ್ಡ್, ಹಣೆಯದು ಫ್ರಂಟಲ್, ಮೂಗಿನ ಹಿಂದೆ ತಲೆಯ ನಡುಮಧ್ಯದಲ್ಲಿರುವುದು ಸ್ಫೀನಾಯ್ಡ್. ಹುಟ್ಟಿದ ಮಗುವಿಗೆ ಹಣೆಯ ಸೈನಸ್ ಇಲ್ಲವೆಂದೇ ಹೇಳಬಹುದು. ಆರೇಳು ವರ್ಷಕ್ಕೆ ಎಕ್ಸ್‌ರೇಯಲ್ಲಿ ಕಾಣಿಸಿಕೊಂಡು, ಹರೆಯದಲ್ಲಿ ಬೆಳೆದು, ಇಪ್ಪತ್ತರ ಆಸುಪಾಸಿಗೆ ನಿಲ್ಲುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ಅದರ ಗಾತ್ರದಲ್ಲಿ ವಿಪರೀತ ವ್ಯತ್ಯಾಸವಿದೆ. ಕೆಲವರಿಗೆ ಹಣೆಯ ಸೈನಸ್ಸೇ ಇರುವುದಿಲ್ಲ, ಕೆಲವರಿಗೆ ಹುಬ್ಬಿನ ತುದಿಯವರೆಗೆ ಹಬ್ಬಿರುತ್ತದೆ. ಇಬ್ಬರೂ ಆರೋಗ್ಯವಂತರೇ. ಮೇಲ್ದವಡೆಯ ಹಿಂದಿನ ಹಲ್ಲು ಕೀಳಿಸಿದವರಲ್ಲಿ ಕೆನ್ನೆಯ ಸೈನಸ್ ನಿಧಾನಕ್ಕೆ ಕೆಳಗಿಳಿದು ಆ ಜಾಗ ತುಂಬಿಕೊಳ್ಳುವುದೂ ಸಹಜ. ಅಲ್ಲಿ ಇಂಪ್ಲಾಂಟ್ ಕೂರಿಸುವ ದಂತವೈದ್ಯರಿಗೆ ಅದು ತಲೆನೋವಾಗಬಹುದು, ರೋಗಿಗೆ ರೋಗವಂತೂ ಅಲ್ಲ.

ಹಿಗ್ಗಿದ ಸೈನಸ್ಸಿಗೆ ನ್ಯೂಮೋಸೈನಸ್ ಡೈಲಾಟನ್ಸ್ ಎಂಬ ಹೆಸರು ಕೊಟ್ಟವರು ಡಚ್ ವೈದ್ಯ ಬೆಂಜಮಿನ್ಸ್, 1918ರಲ್ಲಿ. ಮುಂದೆ ಎಲ್ಲ ಬಗೆಯ ಹಿಗ್ಗುವಿಕೆಗೂ ಅದೇ ಹೆಸರು ಅಂಟಿಕೊಂಡು ಗೊಂದಲವಾಯಿತು. 1987ರಲ್ಲಿ ಅರ್ಕನ್ ಮತ್ತು ಸಂಗಡಿಗರು ಅದನ್ನು ಮೂರಾಗಿ ಬಿಡಿಸಿದರು. ಇವತ್ತಿಗೂ ಆ ವಿಂಗಡಣೆಯೇ ಕೆಲಸಕ್ಕೆ ಬರುವುದು. ಸೈನಸ್ ದೊಡ್ಡದಿದೆ, ಆದರೆ ತನ್ನ ಎಲುಬಿನ ಗಡಿ ದಾಟಿಲ್ಲ, ಗೋಡೆ ಸರಿಯಿದೆ, ತೊಂದರೆಯೂ ಇಲ್ಲ ಎಂದಾದರೆ ಹೈಪರ್‌ಸೈನಸ್. ಗಡಿ ದಾಟಿ ಹಣೆಯನ್ನು ಮುಂದಕ್ಕೆ ತಳ್ಳಿದೆ, ಅಥವಾ ಕಣ್ಣಿನ ಗೂಡು, ಮೂಗು, ಮಿದುಳಿನ ಕಡೆ ಉಬ್ಬಿದೆ, ಆದರೂ ಗೋಡೆಯ ದಪ್ಪ ಮಾಮೂಲಿನಂತಿದೆ ಎಂದಾದರೆ ನ್ಯೂಮೋಸೈನಸ್ ಡೈಲಾಟನ್ಸ್. ಉಬ್ಬುವುದರ ಜೊತೆಗೆ ಗೋಡೆ ಎಲ್ಲೋ ಒಂದು ಕಡೆ ಅಥವಾ ಉದ್ದಕ್ಕೂ ತೆಳುವಾಗಿದ್ದರೆ, ತೂತಾಗಿದ್ದರೆ ನ್ಯೂಮೋಸೀಲ್. ಮೂರರಲ್ಲೂ ಒಳಗಿರುವುದು ಗಾಳಿ ಮಾತ್ರ. ಕಫ ತುಂಬಿ ಹಿಗ್ಗಿದ್ದರೆ ಅದು ಮ್ಯೂಕೋಸೀಲ್, ಅದರ ದಾರಿಯೇ ಬೇರೆ. ರಿಪೋರ್ಟಿನಲ್ಲಿ ಬರೀ ‘ಹೈಪರ್‌ನ್ಯೂಮಟೈಸ್ಡ್’ ಎಂದಿದ್ದರೆ ಈ ಮೂರರಲ್ಲಿ ಯಾವುದು ಎಂದು ರೇಡಿಯಾಲಜಿ ವೈದ್ಯರನ್ನೇ ಕೇಳಬೇಕು. ಚಿಕಿತ್ಸೆ ಬೇಕೋ ಬೇಡವೋ ಎಂಬುದು ಮುಕ್ಕಾಲು ಪಾಲು ಆ ಉತ್ತರದಲ್ಲೇ ಇದೆ.

ಯಾಕೆ ಹಿಗ್ಗುತ್ತದೆ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ನ್ಯೂಮೋಸೀಲಿಗೆ ಹೆಚ್ಚು ಒಪ್ಪಿತವಾದ ವಿವರಣೆ ಒಂದಿದೆ. ಸೈನಸ್ಸಿನಿಂದ ಮೂಗಿಗೆ ತೆರೆಯುವ ಕಿಂಡಿಯ ಬಾಯಲ್ಲಿ ಊದಿದ ಲೋಳೆಪೊರೆಯೋ, ಪಾಲಿಪೋ (ಲೋಳೆಪೊರೆಯಿಂದ ಬೆಳೆದ ಮೆತ್ತನೆಯ ಗಂಟು), ಸಡಿಲ ಎಲುಬಿನ ಚೂರೋ ಕೂತು ಸೈಕಲ್ ಟ್ಯೂಬಿನ ವಾಲ್ವಿನಂತೆ ವರ್ತಿಸುತ್ತದೆ: ಮೂಗು ಸೀಟಿದಾಗ, ಸೀನಿದಾಗ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಒಳಗಿನ ಒತ್ತಡ ವರ್ಷಗಟ್ಟಲೆ ಎಲುಬನ್ನು ಸವೆಸುತ್ತದೆ. ಗೋಡೆ ದಪ್ಪವಾಗಿಯೇ ಉಳಿದು ಹಿಗ್ಗುವ ಡೈಲಾಟನ್ಸಿಗೆ ಈ ವಿವರಣೆ ಅಷ್ಟು ಹೊಂದುವುದಿಲ್ಲ. ಅಲ್ಲಿ ಎಲುಬಿನ ಬೆಳವಣಿಗೆಯೇ ದಾರಿ ತಪ್ಪಿರಬಹುದು, ಇಲ್ಲವೇ ಪಕ್ಕದಲ್ಲಿ ಬೇರೊಂದು ಕಾಯಿಲೆ ಅಡಗಿರಬಹುದು.

ಕಿಂಡಿಯ ತೊಂದರೆ ಪತ್ತೆಹಚ್ಚಲು ನಮ್ಮ ಜಿಲ್ಲೆಯವರಿಗೆ ಕೇಳಬಹುದಾದ ಒಂದು ಒಳ್ಳೆಯ ಪ್ರಶ್ನೆಯಿದೆ: ನೋವು ಘಟ್ಟ ಹತ್ತುವಾಗಲೋ, ಇಳಿಯುವಾಗಲೋ? ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಸುಮಾರು 600 ಮೀಟರ್ ಮೇಲೇರಿರುತ್ತೇವೆ. ಗಾಳಿಯ ಒತ್ತಡ ಶೇಕಡಾ 7ರಷ್ಟು ಇಳಿದಿರುತ್ತದೆ. ಹೊರದಾರಿ ಇಲ್ಲದ ಗೂಡಿನ ಗಾಳಿ ಅಷ್ಟೇ ಪಾಲು ಹಿಗ್ಗಲು ನೋಡುತ್ತದೆ. ನೆಗಡಿಯಾಗಿ ಕಿಂಡಿ ಕಟ್ಟಿದವರಿಗೆ ಸಾಮಾನ್ಯವಾಗಿ ಇಳಿಯುವಾಗ ಹೆಚ್ಚು ನೋವು, ಏಕೆಂದರೆ ಹೊರಗಿನ ಒತ್ತಡ ಏರಿದರೂ ಒಳಗೆ ಗಾಳಿ ಹೋಗುವುದಿಲ್ಲ. ಗಾಳಿ ಒಳಗೆ ಬಿಟ್ಟುಕೊಂಡು ಹೊರಗೆ ಬಿಡದ ನ್ಯೂಮೋಸೀಲಿನಲ್ಲಿ ಹತ್ತುವಾಗಲೇ ಬಿಗಿತ. ಶಿರಸಿ ಕಡೆಯವರು ‘ಘಟ್ಟ ಹತ್ತಕ್ಕಾರೆ ಹಣೆ ಒಳಗೆ ಎಂಥದೋ ಎಳದಂಗಾಗ್ತು’ ಎಂದರೆ ಅದನ್ನು ಕೇಸ್ ಶೀಟಿನಲ್ಲಿ ಹಾಗೆಯೇ ಬರೆದುಕೊಳ್ಳುವುದು ಒಳ್ಳೆಯದು. ಶೇಕಡಾ 7 ಸಣ್ಣ ವ್ಯತ್ಯಾಸ. ಏನೂ ಅನಿಸದಿದ್ದರೆ ನ್ಯೂಮೋಸೀಲ್ ಇಲ್ಲವೆಂದು ಅರ್ಥವಲ್ಲ. ವಿಮಾನದೊಳಗಿನ ಒತ್ತಡ 2,400 ಮೀಟರ್ ಎತ್ತರದಷ್ಟಕ್ಕೆ ಇಳಿಯಬಹುದು, ಅಂದರೆ ನೆಲಮಟ್ಟದ ಮುಕ್ಕಾಲು ಪಾಲು. ಘಟ್ಟದಲ್ಲಿ ಸುಮ್ಮನಿದ್ದದ್ದು ಅಲ್ಲಿ ನೋಯಲು ಶುರುವಾಗಬಹುದು.

ಬೆಳೆಯುತ್ತಿದೆಯೇ ಎಂದು ತಿಳಿಯಲು ಹಳೆಯ ಫೋಟೋಗಳಷ್ಟು ನಂಬಿಕಸ್ತ ಸಾಕ್ಷಿ ಬೇರೆಯಿಲ್ಲ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಫೋಟೋ, ಕಾಲೇಜಿನ ಐಡಿ ಕಾರ್ಡು, ಮದುವೆ ಆಲ್ಬಮ್, ಈಗಿನ ಮುಖ. ಪಕ್ಕದಿಂದ ತೆಗೆದದ್ದಿದ್ದರೆ ಇನ್ನೂ ಒಳ್ಳೆಯದು, ಹುಬ್ಬಿನ ಮೇಲಿನ ದಿಬ್ಬ ಎದುರಿನಿಂದ ಸರಿಯಾಗಿ ಕಾಣುವುದಿಲ್ಲ. 18ರಿಂದ ಹೀಗೇ ಇದ್ದ ಹಣೆಯ ಲೆಕ್ಕ ಒಂದು, 30ರ ನಂತರ ಉಬ್ಬತೊಡಗಿದ ಹಣೆಯ ಲೆಕ್ಕ ಇನ್ನೊಂದು. ಅದೇ ಹೊತ್ತಿಗೆ ಉಂಗುರ ಬಿಗಿಯಾಯಿತೇ, ಚಪ್ಪಲಿಯ ಸೈಜು ಏರಿತೇ, ಕೆಳದವಡೆ ಮುಂದೆ ಬಂದು ಹಲ್ಲುಗಳ ನಡುವೆ ಸಂದು ಬಿದ್ದಿದೆಯೇ ಎಂದು ಕೇಳಬೇಕು. ಹೌದಾದರೆ ಅಕ್ರೋಮೆಗಲಿ ಇರಬಹುದು: ಪಿಟ್ಯೂಟರಿ ಗ್ರಂಥಿಯ ಗಡ್ಡೆ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸುವ ಕಾಯಿಲೆ. ಐಜಿಎಫ್-1 ಎಂಬ ರಕ್ತಪರೀಕ್ಷೆಯಿಂದ ಶುರುಮಾಡಬಹುದು. ಚಿಕ್ಕಂದಿನಲ್ಲಿ ಮಿದುಳಿನಲ್ಲಿ ತುಂಬಿದ ನೀರು ಹರಿದುಹೋಗಲು ಶಂಟ್ ಎಂಬ ಕೊಳವೆ ಹಾಕಿಸಿಕೊಂಡವರಲ್ಲೂ ವರ್ಷಗಳ ನಂತರ ಸೈನಸ್ ಹಿಗ್ಗಬಹುದು. ಬಾಲ್ಯದಲ್ಲೇ ಮಿದುಳಿನ ಒಂದು ಪಾಲು ಕುಗ್ಗಿ, ಫಿಟ್ಸ್ ಮತ್ತು ಒಂದು ಬದಿಯ ಕೈಕಾಲಿನ ದೌರ್ಬಲ್ಯ ಇರುವವರಲ್ಲಿ ಅದೇ ಪಾಲಿನ ಹಣೆಯ ಸೈನಸ್ ದೊಡ್ಡದಾಗುವುದುಂಟು. ಇವರೆಲ್ಲರ ಸೈನಸ್ಸಿಗೆ ಕತ್ತರಿ ಹಾಕುವುದರಿಂದ ಏನೂ ಸಿಗದು.

ಕಣ್ಣಿನ ಪರೀಕ್ಷೆಯ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಇಲ್ಲಿ ತಡವಾದರೆ ಕಳೆದುಕೊಳ್ಳುವುದು ದೃಷ್ಟಿಯನ್ನು. ಸ್ಫೀನಾಯ್ಡ್ ಸೈನಸ್ಸಿನ ಪಕ್ಕಗೋಡೆಯಲ್ಲೇ ಕಣ್ಣಿನ ನರದ ಕೊಳವೆ ಹಾದುಹೋಗುತ್ತದೆ. ಸ್ಫೀನಾಯ್ಡ್ ಅಥವಾ ಹಿಂದಿನ ಎಥ್ಮಾಯ್ಡ್ ಹಿಗ್ಗಿದ್ದರೆ ಕಣ್ಣಿನ ನರದ ಕವಚದ ಮೆನಿಂಜಿಯೋಮಾ (ಮಿದುಳು, ನರಗಳ ಪೊರೆಯಿಂದ ಹುಟ್ಟುವ ಗಡ್ಡೆ), ಅಥವಾ ಸ್ಫೀನಾಯ್ಡಿನ ಮಾಡಿನ ಮೇಲೆ ಕೂತ ಮೆನಿಂಜಿಯೋಮಾ ಇದೆಯೇ ಎಂದು ಹುಡುಕಲೇಬೇಕು. ಅಲ್ಲಿ ಸೈನಸ್ ಹಿಗ್ಗಿರುವುದು ಆ ಗಡ್ಡೆಯ ಸುಳಿವು. ನರದ ಕವಚದ ಗಡ್ಡೆ ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ, ನೋವಿಲ್ಲದೆ, ಒಂದೇ ಕಣ್ಣಿನ ದೃಷ್ಟಿಯನ್ನು ತಿಂಗಳುಗಟ್ಟಲೆ ಮೆಲ್ಲಗೆ ತಿನ್ನುತ್ತದೆ. ಎರಡೂ ಕಣ್ಣು ತೆರೆದಿರುವಾಗ ಅದು ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಒಂದು ಕೆಂಪು ವಸ್ತುವನ್ನು ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ: ಒಂದು ಕಣ್ಣಿಗೆ ಕೆಂಪು ಬಣ್ಣ ಕಳೆಗುಂದಿ, ಕಂದು ತಿರುಗಿದಂತೆ ಕಂಡರೆ ನರದ ತೊಂದರೆ ಇರಬಹುದು. ತಾಲೂಕು ಆಸ್ಪತ್ರೆಯಲ್ಲೂ ಟಾರ್ಚೊಂದಿದ್ದರೆ ಇನ್ನೊಂದು ಪರೀಕ್ಷೆ ಸಾಧ್ಯ. ಕತ್ತಲ ಕೋಣೆಯಲ್ಲಿ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಾಯಿಸಿದಾಗ ಕುಗ್ಗಬೇಕಾದ ಪಾಪೆ ಹಿಗ್ಗಿದರೆ ಆ ಕಡೆಯ ನರ ಸೊರಗಿದೆ ಎಂದರ್ಥ. ಮುಂದೆ ಕಣ್ಣಿನ ವೈದ್ಯರಲ್ಲಿ ಬಣ್ಣದ ಪರೀಕ್ಷೆ, ಸುತ್ತ ಎಷ್ಟು ಕಾಣುತ್ತದೆ ಎಂದು ಅಳೆಯುವ ವಿಷುಯಲ್ ಫೀಲ್ಡ್, ಕಣ್ಣಿನ ಹಿಂಪೊರೆಯ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಒಸಿಟಿ ಆಗಬೇಕು. ಕಣ್ಣುಗುಡ್ಡೆ ಮುಂದೆ ಬಂದಂತಿದ್ದರೆ ಹರ್ಟೆಲ್ ಅಳತೆಪಟ್ಟಿ ಹಿಡಿಯುತ್ತಾರೆ. ಎರಡು ಕಣ್ಣಿನ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ಹುಡುಕಬೇಕು.

ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡುವುದು ಓಪಿಡಿಯಲ್ಲೇ ಮುಗಿಯುವ ಕೆಲಸ. ಮೂಗು ಬಿಡಿಸುವ ಡ್ರಾಪ್ಸ್ ಮತ್ತು ಮರಗಟ್ಟಿಸುವ ಔಷಧಿಯಲ್ಲಿ ಅದ್ದಿದ ಹತ್ತಿ ಪಟ್ಟಿಯನ್ನು ಹತ್ತು ನಿಮಿಷ ಇಟ್ಟು, 4 ಮಿಲಿಮೀಟರ್ ದಪ್ಪದ ನೇರ ಸ್ಕೋಪು, ಬಳಿಕ 30 ಡಿಗ್ರಿಯದು. ಮೂಗಿನ ಪಕ್ಕಗೋಡೆಯಿಂದ ಚಾಚಿದ ನಡು ಎಲುಬಿನ ಮಡಿಕೆಯ (ಮಿಡ್ಲ್ ಟರ್ಬಿನೇಟ್) ಕೆಳಗಿನ ಸಂದಿಯಲ್ಲಿ ಪಾಲಿಪ್ ಇದೆಯೇ, ಮೂಗಿನ ಪಕ್ಕಗೋಡೆ ಒಳಕ್ಕೆ ಉಬ್ಬಿದೆಯೇ ಎಂದು ನೋಡಬೇಕು. ಎಲ್ಲವೂ ಸ್ವಚ್ಛವಾಗಿ ಕಂಡರೂ ಸ್ಕ್ಯಾನ್ ತಪ್ಪಿಸುವಂತಿಲ್ಲ.

ಸಾದಾ ಎಕ್ಸ್‌ರೇಯಿಂದ ಈ ಪ್ರಶ್ನೆ ಬಗೆಹರಿಯದು. ಕಪ್ಪಗೆ ದೊಡ್ಡದಾಗಿ ಕಾಣುವುದು ಬಿಟ್ಟರೆ ಗೋಡೆಯ ದಪ್ಪ ಅದರಲ್ಲಿ ತಿಳಿಯುವುದಿಲ್ಲ. ಬೇಕಾದದ್ದು ಸೈನಸ್ಸಿನ ಸಿಟಿ, ಕಾಂಟ್ರಾಸ್ಟ್ (ಚಿತ್ರ ಎದ್ದುಕಾಣಲು ರಕ್ತನಾಳಕ್ಕೆ ಚುಚ್ಚುವ ಔಷಧಿ) ಇಲ್ಲದೆ, ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಸ್ಲೈಸ್, ಅಡ್ಡ, ಎದುರು, ಪಕ್ಕ ಮೂರೂ ದಿಕ್ಕಿನಲ್ಲಿ. ಅಪಘಾತದ ದಿನ ತೆಗೆದ ತಲೆಯ ಸ್ಕ್ಯಾನಿನಲ್ಲಿ ಸ್ಲೈಸ್ 5 ಮಿಲಿಮೀಟರ್ ಇರಬಹುದು. ಅಷ್ಟು ದಪ್ಪ ಸ್ಲೈಸಿನಲ್ಲಿ ತೆಳು ಎಲುಬು ಇದ್ದರೂ ಇಲ್ಲದಂತೆ ಕಾಣುತ್ತದೆ, ಸಣ್ಣ ತೂತಿದ್ದರೂ ಮುಚ್ಚಿಹೋಗುತ್ತದೆ. ಮಿದುಳು ನೋಡುವ ವಿಂಡೋದಲ್ಲಿ (ಚಿತ್ರದ ಕಪ್ಪು-ಬಿಳುಪಿನ ಹೊಂದಿಕೆ) ಎಲುಬೆಲ್ಲ ಒಂದೇ ಬಿಳಿ ಪಟ್ಟಿ, ಹಾಗಾಗಿ ಬೋನ್ ವಿಂಡೋದಲ್ಲೇ ಓದಬೇಕು. ಓದುವಾಗ ಎಡಬಲವನ್ನು ಹೋಲಿಸಿ, ಹಣೆಯ ಮುಂಗೋಡೆ, ಹಿಂಗೋಡೆ, ಕಣ್ಣಿನ ಗೂಡಿನ ಮಾಡು, ಸ್ಫೀನಾಯ್ಡಿನ ಪಕ್ಕಗೋಡೆ, ಕಣ್ಣಿನ ನರದ ಕೊಳವೆ ಒಂದೊಂದನ್ನೂ ಬೆರಳಿಟ್ಟು ಹಿಂಬಾಲಿಸಬೇಕು. ಎಲುಬೇ ಊದಿದ್ದರೆ ಫೈಬ್ರಸ್ ಡಿಸ್‌ಪ್ಲೇಸಿಯಾ (ಎಲುಬಿನ ಜಾಗದಲ್ಲಿ ನಾರು ಬೆಳೆಯುವ ಕಾಯಿಲೆ), ಒಳಗೆ ಗಾಳಿಯ ಬದಲು ಬೂದು ತುಂಬಿದ್ದರೆ ಮ್ಯೂಕೋಸೀಲ್ ನೆನಪಿಗೆ ಬರಬೇಕು.

ಫಿಲ್ಮಿನ ಜೊತೆಗೆ ಸಿಡಿಯನ್ನೂ ಕೇಳಿ ಪಡೆಯಿರಿ. ಕಾರವಾರದ ಮೆಡಿಕಲ್ ಕಾಲೇಜಿನಲ್ಲೋ ಶಿರಸಿಯಲ್ಲೋ ಸ್ಕ್ಯಾನ್ ಮಾಡಿಸಿ, ಅಲ್ಲಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾದ ಬಾಂಬೋಲಿಗೋ ಹೋಗುವ ಪಾಡು ನಮ್ಮದು. ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಜನರ ಕೂಗು ಇಂಥ ಕಾಯಿಲೆಗಳಲ್ಲಿ ಎಷ್ಟು ನ್ಯಾಯದ್ದು ಎಂದು ಅರ್ಥವಾಗುತ್ತದೆ. ಫಿಲ್ಮಿನ ಮೇಲೆ ಅಚ್ಚಾದ ವಿಂಡೋ ಬದಲಿಸಲಾಗದು. ಸಿಡಿಯಲ್ಲಿದ್ದರೆ ಅಲ್ಲಿನ ವೈದ್ಯರು ತಮಗೆ ಬೇಕಾದಂತೆ ತಿರುಗಿಸಿ ನೋಡುತ್ತಾರೆ. ಎರಡನೇ ಸ್ಕ್ಯಾನಿನ ಖರ್ಚೂ ರೇಡಿಯೇಶನ್ನೂ ಉಳಿಯುತ್ತದೆ.

ಎಂಆರ್‌ಐ ಎಲ್ಲರಿಗೂ ಬೇಡ. ಸ್ಫೀನಾಯ್ಡ್ ಅಥವಾ ಹಿಂದಿನ ಎಥ್ಮಾಯ್ಡ್ ಹಿಗ್ಗಿದ್ದರೆ, ಕಣ್ಣಿನ ಪರೀಕ್ಷೆಯಲ್ಲಿ ಯಾವುದಾದರೂ ತಪ್ಪಿದರೆ, ಅಕ್ರೋಮೆಗಲಿಯ ಗುಮಾನಿ ಇದ್ದರೆ ಕಾಂಟ್ರಾಸ್ಟ್ ಸಮೇತ ಮಾಡಿಸಬೇಕು. ಕಣ್ಣಿನ ಗೂಡಿನ ಭಾಗವನ್ನು ಕೊಬ್ಬಿನ ಹೊಳಪು ಅಡಗಿಸುವ ಸೀಕ್ವೆನ್ಸಿನಲ್ಲಿ ತೆಗೆಯಲು ಚೀಟಿಯಲ್ಲೇ ಬರೆದಿರಬೇಕು. ಇಲ್ಲವಾದರೆ ಕೊಬ್ಬಿನ ಬೆಳಕಿನಲ್ಲಿ ನರದ ಸುತ್ತಲ ತೆಳು ಗಡ್ಡೆ ಕಾಣದೆ ಹೋಗುತ್ತದೆ. ಬರೀ ‘ಎಂಆರ್‌ಐ ಬ್ರೇನ್’ ಎಂದು ಬರೆದು ಕಳಿಸಿದರೆ ಆಗುವ ನಷ್ಟ ಇದೇ.

ಇನ್ನು ಚಿಕಿತ್ಸೆ. ಹೈಪರ್‌ಸೈನಸ್ಸಿಗೆ ಚಿಕಿತ್ಸೆಯೇ ಇಲ್ಲ, ಬೇಕಾಗಿಯೂ ಇಲ್ಲ. ಮಾತ್ರೆಯಿಂದಾಗಲಿ, ಹಬೆಯಿಂದಾಗಲಿ, ನಸ್ಯದಿಂದಾಗಲಿ ಹಿಗ್ಗಿದ ಎಲುಬು ಕುಗ್ಗದು. ಅಲರ್ಜಿಯಿಂದ ಲೋಳೆಪೊರೆ ಊದಿದವರಿಗೆ ಸ್ಟೀರಾಯ್ಡ್ ಸ್ಪ್ರೇ ಉಪಯೋಗಕ್ಕೆ ಬರುತ್ತದೆ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ನಳಿಗೆಯ ತುದಿ ಕಿವಿಯ ಕಡೆ ಇರುವಂತೆ ಹೊಡೆದರೆ ಮೂಗಿನ ನಡುಗೋಡೆಗೆ ಬಿದ್ದು ರಕ್ತ ಒಸರುವುದು ತಪ್ಪುತ್ತದೆ. ಮೂಗು ಬಿಡಿಸುವ ಡ್ರಾಪ್ಸನ್ನು ಮಾತ್ರ ಐದು ದಿನಕ್ಕಿಂತ ಹೆಚ್ಚು ಬಳಸಬೇಡಿ. ಬಳಿಕ ಅದೇ ಮೂಗು ಕಟ್ಟಿಸುತ್ತದೆ.

ಕೆನ್ನೆಯ ನ್ಯೂಮೋಸೀಲಿನಲ್ಲಿ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸೆ ಒಳ್ಳೆಯ ಫಲ ಕೊಡುತ್ತದೆ. ಅನ್ಸಿನೇಟ್ ಎಂಬ ಕುಡುಗೋಲು ಆಕಾರದ ತೆಳು ಎಲುಬನ್ನು ತೆಗೆದು, ಅದರ ಹಿಂದೆ ಅಡಗಿದ ಸಹಜ ಕಿಂಡಿಯನ್ನು ಹುಡುಕಿ ಅಗಲಿಸುತ್ತಾರೆ. ತಪ್ಪಾಗುವುದೂ ಇಲ್ಲಿಯೇ. ಸಹಜ ಕಿಂಡಿಯನ್ನು ಬಿಟ್ಟು ಅದರ ಹಿಂದೆ ಹೊಸ ತೂತು ಮಾಡಿದರೆ, ಲೋಳೆಪೊರೆಯ ರೋಮಗಳು ಕಫವನ್ನು ಹಳೆಯ ಕಿಂಡಿಯತ್ತಲೇ ತಳ್ಳುತ್ತವೆ. ಒಂದರಿಂದ ಹೊರಬಂದ ಕಫ ಇನ್ನೊಂದರಿಂದ ಒಳಹೋಗಿ ಸುತ್ತುತ್ತಿರುತ್ತದೆ, ಸೋಂಕು ಬಿಡುವುದೇ ಇಲ್ಲ. ಎರಡನ್ನೂ ಸೇರಿಸಿ ಒಂದೇ ಬಾಯಿ ಮಾಡಬೇಕು. ನ್ಯೂಮೋಸೀಲ್ ಇರುವವರಿಗೆ ಅರಿವಳಿಕೆ ಕೊಡುವ ವೈದ್ಯರಿಗೂ ಮೊದಲೇ ತಿಳಿಸಬೇಕು. ನೈಟ್ರಸ್ ಆಕ್ಸೈಡ್ ಅನಿಲ ಮುಚ್ಚಿದ ಗಾಳಿಗೂಡಿನೊಳಗೆ ನುಸುಳಿ ಒತ್ತಡ ಏರಿಸುತ್ತದೆ, ಅದನ್ನು ಬಿಟ್ಟು ಬೇರೆ ವಿಧಾನ ಆರಿಸುವುದು ಕ್ಷೇಮ.

ಹಣೆಯದು ಕಠಿಣ. ಒಳದಾರಿ ತೆರೆಯಲು ಜರ್ಮನಿಯ ವೋಲ್ಫ್‌ಗಾಂಗ್ ಡ್ರಾಫ್ 1991ರಲ್ಲಿ ವಿವರಿಸಿದ ಹಂತಗಳನ್ನೇ ಈಗಲೂ ಅನುಸರಿಸುತ್ತಾರೆ: ಒಂದು ಕಡೆಯ ಕಿಂಡಿ ಅಗಲಿಸುವುದರಿಂದ ಹಿಡಿದು, ಎರಡೂ ಕಡೆ ಸೇರಿಸಿ ಮೂಗಿನ ನಡುಗೋಡೆಯ ಮೇಲ್ಭಾಗ ತೆಗೆಯುವವರೆಗೆ. ಇದರಿಂದ ಒತ್ತಡ ಇಳಿಯುತ್ತದೆ, ಉಬ್ಬಿದ ಹಣೆ ಹಿಂದೆ ಹೋಗದು. ಆಕಾರ ಸರಿಪಡಿಸಬೇಕೆಂದರೆ ತಲೆಯ ಮೇಲೆ ಕಿವಿಯಿಂದ ಕಿವಿಗೆ, ಕೂದಲೊಳಗೆ ಗಾಯ ಮಾಡಿ ಚರ್ಮವನ್ನು ಮುಂದಕ್ಕೆ ಮಡಚಿ, ಮುಂಗೋಡೆಯನ್ನು ಅಳತೆಯಿಟ್ಟು ಕತ್ತರಿಸಿ ತೆಗೆದು, ಚೂರುಗಳನ್ನು ಹೊಸ ಆಕಾರಕ್ಕೆ ಜೋಡಿಸಿ, ಹಿಂದಕ್ಕೆ ಇಳಿಸಿ, ಟೈಟೇನಿಯಂ ಪ್ಲೇಟಿನಿಂದ ಬಿಗಿಯುತ್ತಾರೆ. ‘ಮೇಲಿನಿಂದ ಸ್ವಲ್ಪ ಉಜ್ಜಿ ತೆಳು ಮಾಡಿಬಿಡಿ’ ಎಂದು ಕೇಳುವವರಿದ್ದಾರೆ. ಉಬ್ಬಿನೊಳಗೆ ಇರುವುದು ಗಾಳಿ, ಗೋಡೆ ಇರುವುದೇ ಕೆಲವು ಮಿಲಿಮೀಟರ್. ಉಜ್ಜಿದರೆ ಸೈನಸ್ಸೇ ತೂತಾಗುತ್ತದೆ. ಗರಗಸವನ್ನು ಸೈನಸ್ಸಿನ ಒಳಗಿನ ಕಡೆಗೆ ಓರೆಯಾಗಿ ಹಿಡಿದೇ ಕೊಯ್ಯಬೇಕು. ಗಡಿಯ ಹೊರಗೆ ಬಿದ್ದರೆ ಮಿದುಳಿನ ಪೊರೆಗೆ ತಗಲುತ್ತದೆ. ಹಿಂದೆ ಎಕ್ಸ್‌ರೇಯಿಂದ ಕತ್ತರಿಸಿದ ಅಚ್ಚನ್ನು ಹಣೆಯ ಮೇಲಿಟ್ಟು ಗಡಿ ಗುರುತಿಸುತ್ತಿದ್ದರು, ಈಗ ನ್ಯಾವಿಗೇಶನ್ ಯಂತ್ರವಿದೆ. ನೆತ್ತಿ ತಿಂಗಳುಗಟ್ಟಲೆ ಜೋಮು ಹಿಡಿದಂತಿರುವುದು, ಹುಬ್ಬೆತ್ತುವ ನರಕ್ಕೆ ಪೆಟ್ಟಾಗಿ ಹುಬ್ಬು ಇಳಿಯುವುದು, ಸೋಂಕು ಇವೆಲ್ಲ ಸಾಧ್ಯ ಎಂದು ಸಹಿ ಹಾಕುವ ಮೊದಲೇ ತಿಳಿದಿರಬೇಕು. ಬೆಳೆಯುವ ವಯಸ್ಸಿನ ಹುಡುಗರಿಗೆ ಇದನ್ನು ಮಾಡಿಸುವ ಆತುರ ಬೇಡ. ಬೆಳವಣಿಗೆ ನಿಂತು, ಕನಿಷ್ಠ ಒಂದು ವರ್ಷ ಫೋಟೋದಲ್ಲಿ ಬದಲಾವಣೆ ಕಾಣದಿದ್ದಾಗ ಯೋಚಿಸಲಿ. ಆದರೆ ಆಕಾರದ ಸಂಕಟವನ್ನು ‘ಚೆಂದದ ಹುಚ್ಚು’ ಎಂದು ತಳ್ಳಿಹಾಕುವುದೂ ಅನ್ಯಾಯ. ಮುಖದ ಕಾರಣಕ್ಕೆ ಮದುವೆ ಮಾತು ಮುರಿದು, ಜನರೆದುರು ಬರಲು ಹಿಂಜರಿಯುವವರ ಪಾಡು ನಿಜವಾದದ್ದು.

ಸ್ಫೀನಾಯ್ಡ್ ಹಿಗ್ಗಿದವರಲ್ಲಿ ಗಡ್ಡೆ ಸಿಕ್ಕಿದರೆ ಚಿಕಿತ್ಸೆ ಗಡ್ಡೆಗೆ. ನರದ ಕವಚದ ಮೆನಿಂಜಿಯೋಮಾಕ್ಕೆ ಹೆಚ್ಚಾಗಿ ಕಂತುಗಳಲ್ಲಿ ಕೊಡುವ ನಿಖರ ರೇಡಿಯೇಶನ್, ಏಕೆಂದರೆ ಚಾಕು ಹಾಕಿದರೆ ನರದ ರಕ್ತನಾಳಗಳೇ ಹೋಗುತ್ತವೆ. ಗಡ್ಡೆಯಿಲ್ಲದೆ ಹಿಗ್ಗಿದ ಗೋಡೆಯೇ ನರವನ್ನು ಒತ್ತಿದ್ದರೆ ಮೂಗಿನ ಮೂಲಕ ನರದ ಕೊಳವೆಯನ್ನು ಬಿಡಿಸುವ ಶಸ್ತ್ರಚಿಕಿತ್ಸೆಯಿದೆ.

ಶಸ್ತ್ರಚಿಕಿತ್ಸೆಯ ನಂತರ ಎರಡು ವಾರ ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕಪಾಲಭಾತಿ, ಭಸ್ತ್ರಿಕಾ ಮಾಡುವ ಅಭ್ಯಾಸವಿದ್ದವರು ವೈದ್ಯರು ಹೇಳುವವರೆಗೆ ನಿಲ್ಲಿಸಲಿ. ಮೂಗು ತೊಳೆಯುವುದು ಬಹಳ ಮುಖ್ಯ: ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ. ನೀರು ಕುದಿ ಬಂದ ಮೇಲೂ ಮೂರು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಉಗುರುಬೆಚ್ಚಗಿರುವಾಗ ಬಳಸಿ. ಜಲನೇತಿ ಮಾಡುವವರು ಬಾವಿಯ ನೀರನ್ನು ನೇರವಾಗಿ ಹಾಕಿಕೊಳ್ಳುವುದುಂಟು. ಸಿಹಿನೀರಿನ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋದರೆ ಬದುಕುವುದು ಅಪರೂಪ. ಕೇರಳದಲ್ಲಿ ಅಮೀಬಾದ ಮಿದುಳುಜ್ವರದಿಂದ 2024ರಲ್ಲಿ ಸಾವುಗಳಾದದ್ದು ನೆನಪಿರಲಿ. ಅದೇ ನೀರನ್ನು ಕುಡಿದರೆ ಈ ಕಾಯಿಲೆ ಬಾರದು, ಮೂಗಿಗೆ ಹೋದರೆ ಮಾತ್ರ.

ನ್ಯೂಮೋಸೀಲ್ ಎಂದು ಗೊತ್ತಾದವರು ಚಿಕಿತ್ಸೆ ಮುಗಿಯುವವರೆಗೆ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಬಾರದು. 10 ಮೀಟರ್ ಆಳದಲ್ಲಿ ಒತ್ತಡ ನೆಲದ ಎರಡರಷ್ಟು. ಅಲ್ಲಿ ಸೈನಸ್ಸಿಗೆ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗಬೇಕು, ಹೊರದಾರಿ ಮುಚ್ಚಿದ್ದರೆ ತೆಳುವಾದ ಗೋಡೆಯೇ ಒಡೆಯುತ್ತದೆ. ಅಘನಾಶಿನಿ ಅಳಿವೆಯಲ್ಲಿ ಬಳಚು ತೆಗೆಯಲು ಎರಡು ಮೂರು ಮೀಟರ್ ಮುಳುಗು ಹಾಕುವವರು ಉಸಿರು ಕಟ್ಟಿ ಇಳಿಯುವುದರಿಂದ ಅಪಾಯ ಕಡಿಮೆ, ಆದರೂ ಕಣ್ಣಿನ ಸುತ್ತ ಬಿಗಿತ ಬಂದರೆ ನಿಲ್ಲಿಸಬೇಕು. ಮೂಗು ಸೀಟಿದ ಕೂಡಲೇ ರೆಪ್ಪೆ ಊದಿ, ಒತ್ತಿದರೆ ಚರಚರ ಎಂದರೆ ಕಣ್ಣಿನ ಗೂಡಿಗೆ ಗಾಳಿ ನುಗ್ಗಿದೆ. ದೃಷ್ಟಿ ಮಸುಕಾಗುತ್ತಿದ್ದರೆ ನಾಳೆಗೆ ಕಾಯಬಾರದು. ಬಗ್ಗಿದಾಗ ಮೂಗಿನಿಂದ ನೀರಿನಂಥ ತಿಳಿ ಹನಿ ಬಿದ್ದು ಬಾಯಿಗೆ ಉಪ್ಪುಪ್ಪು ಹತ್ತಿದರೆ ಅದು ಮಿದುಳಿನ ನೀರಿರಬಹುದು. ಸ್ವಚ್ಛ ಬಾಟಲಿಯಲ್ಲಿ ಹಿಡಿದು ಒಯ್ಯಿರಿ, ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಗೆ ಅದೇ ಬೇಕು. ಯಾವ ತೊಂದರೆಯೂ ಇಲ್ಲದ, ಗೋಡೆ ಗಟ್ಟಿಯಿರುವ ಡೈಲಾಟನ್ಸಿನವರು ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಪಕ್ಕದಿಂದ ಫೋಟೋ ತೆಗೆದಿಟ್ಟು, ಕಣ್ಣಿನ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಅವೆರಡರಲ್ಲಿ ಬದಲಾವಣೆ ಕಂಡಾಗ ಮಾತ್ರ ಮತ್ತೆ ಸ್ಕ್ಯಾನ್ ಮಾಡಿಸಿ, ಹಳೆಯ ಸಿಡಿಯ ಪಕ್ಕಕ್ಕಿಟ್ಟು ಹೋಲಿಸಿ ನೋಡುತ್ತಾರೆ.